ಬೆಳ್ಳಟ್ಟಿಗೆ ಅಳಿಯನ ದಂಡಯಾತ್ರೆ

ನನ್ನ ಹತ್ತಿರ ಇರುವುದು ಒಂದೇ ಭಾಷಣ. ಇದನ್ನು ನಾನೇ ಹೇಳಿಕೊಂಡರೆ ವಿನಯ, ನನ್ನ ಹೆಂಡತಿ ಹೇಳಿದರೆ ಅವಮಾನ. ಅವಳಂತೂ ಹೇಳುತ್ತಲೇ ಇರುತ್ತಾಳೆ. ಗದಗಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಆ ಭಾಷಣವನ್ನು ಹೊತ್ತುಕೊಂಡು ಸುತ್ತಲಿನ ತಾಲೂಕುಗಳನ್ನೆಲ್ಲ ತಿರುಗಿದ್ದೇನೆ. ಶಿರಹಟ್ಟಿಯಲ್ಲಿ ನಿವೃತ್ತ ನೌಕರರಿಗೆ ಕೇಳಿಸಿದ್ದೇನೆ. ಲಕ್ಷ್ಮೇಶ್ವರದಲ್ಲಿ ಒಂದು ಅಡುಗೆ ಪುಸ್ತಕದ ಬಿಡುಗಡೆಗೆ ಕರೆದಿದ್ದರು, ಅಲ್ಲಿಯೂ ಬಿಡಲಿಲ್ಲ. ವಿಷಯ ಇಷ್ಟೇ: ಪರದೇಶದ ಸೈನ್ಯ ನುಗ್ಗಿ ಬಂದು ಒಂದು ನಾಡಿಗೆ ಪ್ರಜಾಪ್ರಭುತ್ವವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟುಹೋಗಲು ಸಾಧ್ಯವೇ? ನನ್ನ ಉತ್ತರ, ಇಲ್ಲ. ಆ ‘ಇಲ್ಲ’ ಬರುವಾಗ ನಾನು ಮೇಜು ಕುಟ್ಟುತ್ತೇನೆ. ಒಮ್ಮೆ ಕುಟ್ಟಿದ ರಭಸಕ್ಕೆ ಅಧ್ಯಕ್ಷರ ಚಹಾ ಅವರ ಬಿಳಿ ಧೋತರದ ಮೇಲೆ ಹೋಗಿತ್ತು.

ಜಗತ್ತಿನಲ್ಲಿ ಎಲ್ಲಾದರೂ ಯುದ್ಧ ಶುರುವಾದರೆ ನನಗೆ ಸುಗ್ಗಿ. ಬರೆಯುವಾಗ ಕೆಟ್ಟದಾಗಿ ಕಾಣುತ್ತದೆ, ಆದರೆ ಖರೆ. ಟೀವಿಯಲ್ಲಿ ಉರಿಯುವ ಊರುಗಳನ್ನು ನೋಡಿ ಮನಸ್ಸು ನೋಯುತ್ತದೆ. ನೋಯುತ್ತಲೇ ಫೋನಿನ ಕಡೆ ಒಂದು ಕಣ್ಣು ಇಟ್ಟಿರುತ್ತೇನೆ, ಯಾರಾದರೂ ಉಪನ್ಯಾಸಕ್ಕೆ ಕರೆದಾರೇನೋ ಎಂದು. ಭಾಷಣದಲ್ಲಿ ಇರಾಕ್ ಬರುತ್ತದೆ, ಅಫಘಾನಿಸ್ತಾನ ಬರುತ್ತದೆ. ಯಾರಾದರೂ ಎದ್ದು ಜಪಾನು, ಜರ್ಮನಿ ಎಂದರೆ ಅದಕ್ಕೂ ಉತ್ತರ ಕಿಸೆಯಲ್ಲಿದೆ: ಅಲ್ಲಿ ಮೊದಲೇ ಪಾರ್ಲಿಮೆಂಟು ಕಂಡ ಜನರಿದ್ದರು, ಮರೆತದ್ದನ್ನು ನೆನಪಿಸಿಕೊಂಡರು ಅಷ್ಟೇ. ಆದರೆ ಜನ ನಿಜಕ್ಕೂ ಚಪ್ಪಾಳೆ ಹೊಡೆಯುವುದು ಒಂದೇ ಕಡೆ. ಅಲ್ಲಿ ನಾನು ದನಿ ಇಳಿಸಿ ಹೇಳುತ್ತೇನೆ: “ಹೊರಗಿನವರು ನುಗ್ಗಿದರೆ ಪೆಟ್ಟು ಮೊದಲು ಬೀಳುವುದು ದೊರೆಗಲ್ಲ. ಒಳಗೇ ಇದ್ದುಕೊಂಡು, ಸದ್ದು ಮಾಡದೆ, ಸ್ವಲ್ಪ ಸ್ವಲ್ಪವೇ ಬಾಗಿಲು ತೆರೆಯುತ್ತಿರುತ್ತಾರಲ್ಲ, ಅವರಿಗೆ. ನಾಳೆಯಿಂದ ಅವರು ಹೊರಗಿನವರ ಕಡೆಯವರು ಅನ್ನಿಸಿಕೊಳ್ಳುತ್ತಾರೆ.” ಚಪ್ಪಾಳೆ ಮುಗಿಯುವವರೆಗೂ ನೀರು ಕುಡಿಯುತ್ತೇನೆ.

ಹೋದ ವರ್ಷ ಬೇಸಿಗೆಯ ಕೊನೆಗೆ ಮುಂಡರಗಿಯಲ್ಲಿ ಹೀಗೇ ನೀರು ಕುಡಿದು ಗ್ಲಾಸು ಇಡುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕರು ಎದ್ದು ನಿಂತರು.

“ಆ ಕಡೆ ನಿಜಾಮನ ಸೀಮಿ ಇತ್ರಿ. ನಮ್ಮಪ್ಪ ಅಲ್ಲಿಂದ ಓಡಿ ಬಂದು ಇಲ್ಲೇ ಮುಂಡರಗ್ಯಾಗ ಇದ್ದ. ಕಡೀಕ ನಮ್ಮ ಮಿಲ್ಟ್ರಿ ಒಳಗ ಹೋದ ಮ್ಯಾಲೆ ಊರಿಗೆ ಹೊಳ್ಳಿ ಹ್ವಾದ. ಅದೂ ತಪ್ಪಂತೀರೇನು?”

“ಅಲ್ಲಿಯ ಜನ ಮೊದಲು ತಾವೇ ಎದ್ದಿದ್ದರು ಅಜ್ಜಾರ. ಸೈನ್ಯ ಆಮೇಲೆ ಹೋಯಿತು” ಎಂದೆ.

“ಹಂಗಾದ್ರ ಒಳಗಿನವ್ರು ಕರದ್ರ ಹೋಗಬೇಕು ಅಂದಂಗಾತು.”

“ಕರೆಯಬೇಕು. ಖರೇನೇ ಕರೆಯಬೇಕು” ಎಂದು ನಾನು ಗಡಿಯಾರ ನೋಡಿಕೊಂಡೆ. ಸಂಘಟಕರು ವಂದನಾರ್ಪಣೆಗೆ ಎದ್ದರು. ನಾನು ಬಚಾವಾದೆ.

ಆ ದಿನ ನನ್ನ ಕಾರಿನಲ್ಲಿ ಗೆಳೆಯನೊಬ್ಬ ಬಂದಿದ್ದ. ಬೆಟಗೇರಿಯಲ್ಲಿ ಅಜ್ಜನ ಕಾಲದಿಂದ ಸೀರೆ ವ್ಯಾಪಾರ ಮಾಡುವ ಮುಸಲ್ಮಾನರ ಮನೆತನದವನು. ದಿನಾ ಮುಂಜಾನೆ ಅವನೂ ನಾನೂ ಕೂಡಿ ನಡೆಯುತ್ತೇವೆ, ಕೂಡಿ ಚಹಾ ಕುಡಿಯುತ್ತೇವೆ, ಕೂಡಿ ಜಗತ್ತನ್ನು ಸರಿಪಡಿಸುತ್ತೇವೆ. ಹೊಳ್ಳಿ ಬರುವಾಗ ದಾರಿಯುದ್ದಕ್ಕೂ ಅವನು ಆ ಮುದುಕರ ವಕೀಲನೇ ಆಗಿಬಿಟ್ಟ. “ಮಾಸ್ತರ, ಅಜ್ಜ ಕೇಳಿದ್ದು ಬರೋಬ್ಬರಿ ಐತಿ. ಬಾಜೂ ಮನ್ಯಾಗ ಯಾರರ ಒದರಾಕತ್ತಿದ್ರ ಬಾಗಲಾ ಹಾಕ್ಕೊಂಡು ಕುಂಡ್ರತೀರೇನು?” ನನಗೆ ಸಿಟ್ಟು ಬಂತು. ಉತ್ತರ ತೋಚದಿದ್ದಾಗ ನನಗೆ ಬರುವುದು ಸಿಟ್ಟೊಂದೇ.

ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಾರದಲ್ಲೇ ಬೆಳ್ಳಟ್ಟಿಯಿಂದ ಫೋನು ಬಂತು.

ಬೆಳ್ಳಟ್ಟಿ ನನ್ನ ಹೆಂಡತಿಯ ತವರು. ಫೋನು ಮಾಡಿದವಳು ಅವಳ ಅಣ್ಣನ ಮಗಳು. ಶಿರಹಟ್ಟಿಯಲ್ಲಿ ಬಿ.ಎ. ಮುಗಿಸಿದ್ದಳು, ಗದಗಿನ ಹತ್ತಿರದ ನಾಗಾವಿಯಲ್ಲಿ ಹಳ್ಳಿಗಳ ವಿಷಯವನ್ನೇ ಕಲಿಸುವ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಬೇಕೆಂಬ ಆಸೆ. ಆ ಮನೆಯಲ್ಲಿ ಆಸೆ ಯಾರದೇ ಇರಲಿ, ನಿರ್ಧಾರ ನನ್ನ ಮಾವನವರದು. ಬಿತ್ತುವುದು ಯಾವಾಗ, ಮದುವೆ ಎಲ್ಲಿ, ಟೀವಿಯಲ್ಲಿ ಯಾವ ಚಾನೆಲ್ಲು, ಎಲ್ಲ ಅವರೇ. ಅವರ ಮಗ, ಅಂದರೆ ಆ ಹುಡುಗಿಯ ತಂದೆ, ಐವತ್ತು ದಾಟಿದರೂ ಅಪ್ಪನ ಮುಂದೆ ಗಟ್ಟಿಯಾಗಿ ಕೆಮ್ಮಿದವನಲ್ಲ. ಅದೇ ಹೊತ್ತಿಗೆ ಅಸುಂಡಿಯಿಂದ ಒಂದು ಸಂಬಂಧ ಬೇರೆ ಬಂದಿತ್ತು, ಒಳ್ಳೆಯ ಮನೆತನ ಎಂದು ಎಲ್ಲರೂ ಅನ್ನುತ್ತಿದ್ದರು.

“ಮಾಮಾ, ನಾಗಾವ್ಯಾಗ ಹೆಣಮಕ್ಕಳ ಹಾಸ್ಟೆಲ್ ಬ್ಯಾರೇನೇ ಐತೇನ್ರಿ? ಅಜ್ಜ ಕೇಳಾಕತ್ತಾನ.”

“ಕಳಸ್ತೀನಿ ಅಂದಾರೇನು?”

“ನೋಡೂಣು ಅಂದಾನ್ರಿ” ಎಂದಳು. ಎಂದು ಮೂಗು ಸೇದಿದಳು. ಮತ್ತೊಮ್ಮೆ ಸೇದಿದಳು.

ಅಳುತ್ತಿದ್ದಾಳೆ! ‘ನೋಡೂಣು’ ಅಂದರೆ ಇಲ್ಲ ಎಂದೇ ಅರ್ಥ, ಇಷ್ಟು ತಿಳಿಯದವನೇ ನಾನು? ಹಾಸ್ಟೆಲ್ಲು ಪಾಸ್ಟೆಲ್ಲು ಎಲ್ಲ ನೆವ. ಹುಡುಗಿ ಬಾಯಿಬಿಟ್ಟು ಹೇಳಲಾರಳು, ಮೂಗಿನಿಂದ ಕರೆಯುತ್ತಿದ್ದಾಳೆ. ಒಳಗಿನವರು ಕರೆದಿದ್ದಾರೆ! “ಏನೂ ಚಿಂತಿ ಮಾಡಬ್ಯಾಡವಾ, ನಾ ಅದೀನಿ” ಎಂದೆ. ಅವಳು ಏನೋ ಹೇಳಲು ಹೋದಳು. ನಾನು ಫೋನು ಇಟ್ಟುಬಿಟ್ಟೆ.

ಹೆಂಡತಿಗೆ ಹೇಳಿದೆ, ನಾಳೆಯೇ ಬೆಳ್ಳಟ್ಟಿಗೆ ಹೋಗಿ ಇದನ್ನು ತೀರ್ಮಾನ ಮಾಡುತ್ತೇನೆ ಎಂದು. ಅವಳು ಸೊಪ್ಪು ಸೋಸುತ್ತಿದ್ದಳು.

“ನೀವ್ಯಾಕ ಹೊಂಟೀರಿ? ನಾನೇ ಕೊಟ್ಟ ಹೆಣ್ಣು, ಕುಲಕ್ಕ ಹೊರಗ. ನೀವಂತೂ ಆ ಊರಿನವ್ರೂ ಅಲ್ಲ. ಅದು ಅವರ ಮನಿ ಮಾತು.”

“ನಾ ಏನು ಜಗಳಕ್ಕ ಹೊಂಟೀನೇನು? ಹುಡುಗೀನ್ನ ಬಿಡಸಾಕ ಹೊಂಟೀನಿ.”

“ಹೌದ್ರಿ, ಅಳಿಯ ಅಲ್ಲ, ಮಗಳ ಗಂಡ” ಎಂದಳು ತಲೆ ಎತ್ತದೆ. “ನಿಮ್ಮ ಭಾಷಣದಾಗ ಆ ಸೈನ್ಯದವ್ರೂ ಹಂಗೇ ಅಂತಾರಲ್ಲ, ನುಗ್ಗಾಕಲ್ಲ, ಬಿಡಸಾಕ ಅಂತ?”

ಆ ಮಾತು ಕಿವಿಗೆ ಬಿತ್ತು. ಮುಂದೆ ಒಳಗೆ ಹೋಗಲಿಲ್ಲ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಅಂತಾರಲ್ಲ, ನನ್ನ ತಾಟಿನ ತುಂಬ ಬದನೆಕಾಯಿಯೇ ಇತ್ತು, ನನಗೆ ಮಾತ್ರ ವೇದಾಂತ ಕಾಣುತ್ತಿತ್ತು.

ಮರುದಿನ ಮುಂಜಾನೆ ಮೂವರು ಹೊರಟೆವು. ಬೆಟಗೇರಿಯ ಗೆಳೆಯ ಮಿತ್ರರಾಷ್ಟ್ರವಾಗಿ ಸೇರಿಕೊಂಡ. ಶಿರಹಟ್ಟಿಯಲ್ಲಿ ಯಾರಿಗೋ ಸೀರೆ ಮುಟ್ಟಿಸುವುದಿತ್ತಂತೆ. ಹೆಂಡತಿ ಹಿಂದಿನ ಸೀಟಿನಲ್ಲಿ ವೀಕ್ಷಕಿಯಾಗಿ ಕೂತಳು, ಬಾಯಿ ಬಿಗಿದುಕೊಂಡು. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನನಗೆ ಅವೂ ನನ್ನನ್ನೇ ಹರಸಿ ಕೈ ಬೀಸುತ್ತಿವೆ ಅನ್ನಿಸಿತು. ಮನುಷ್ಯನಿಗೆ ಹುಚ್ಚು ಹಿಡಿಯುವುದು ಹೀಗೇ, ಕಾರು ಓಡಿಸುತ್ತಿರುವಾಗಲೂ ಹಿಡಿಯಬಹುದು.

ನನ್ನ ಆಯುಧ ಯಾವುದು ಎಂದು ಕೇಳಬೇಕು ನೀವು. ನಮ್ಮ ಕಡೆ ಅಳಿಯನಿಗೆ ಬಂದೂಕು ಬೇಕಿಲ್ಲ. ಅವನಿಗೆ ತಾಟು ಇದೆ. ಮಾವನ ಮನೆಗೆ ಬಂದ ಅಳಿಯ ಊಟಕ್ಕೆ ಕೂತು ತಾಟು ಸರಿಸಿಬಿಟ್ಟರೆ ಮುಗಿಯಿತು. ‘ಅಳಿಯ ಉಣ್ಣದೆ ಎದ್ದನಂತೆ’ ಎಂಬ ಸುದ್ದಿ ಅವನು ಕೈ ತೊಳೆಯುವುದರೊಳಗೆ ಅಗಸಿಬಾಗಿಲು ದಾಟಿರುತ್ತದೆ. ಆಮೇಲೆ ಆ ಮನೆಯವರು ಏನು ಏರ್ಪಾಡು ಮಾಡಿದರೂ ಊರಿನವರಿಗೆ ಆ ಸರಿಸಿದ ತಾಟೇ ಕಾಣುತ್ತದೆ. ಮೂವತ್ತು ಮಿಕ್ಕಿ ವರ್ಷ ಆ ಮನೆಯ ಅಳಿಯನಾಗಿ ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಹಸಿವೆ ತಡೆಯುವ ಶಕ್ತಿ ನನಗಿಲ್ಲ, ಅದು ಕಾರಣ.

ಹೇಳದೆ ಕೇಳದೆ ಹೋಗಿ ಇಳಿದೆವು. ಕಾಲಿಗೆ ನೀರು ಬಂತು, ಜಮಖಾನೆ ಬಂತು, ಚಹಾ ಬಂತು. ಅಳಿಯ ಬಂದನೆಂದು ಅತ್ತೆಯವರು, ಸೊಸೆ, ಮೊಮ್ಮಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಡಲೆಬೇಳೆ ಬೇಯಲಿಟ್ಟು ಹೋಳಿಗೆಗೆ ನಿಂತರು. ಹೆಣ್ಣುಮಕ್ಕಳ ಬಿಡುಗಡೆಗೆ ಬಂದ ನಾನು ಮೊದಲ ಏಟಿಗೇ ಮನೆಯ ಹೆಣ್ಣುಮಕ್ಕಳನ್ನೆಲ್ಲ ಒಲೆಯ ಮುಂದೆ ಕೂರಿಸಿದ್ದೆ. ಮಾವನವರು ಸಂತೋಷದಿಂದಲೇ ಇದ್ದರು. ಮಳೆಯ ಮಾತು ಆಡಿದರು, ನನ್ನ ಗೆಳೆಯನನ್ನು ಸೀರೆಯ ವ್ಯಾಪಾರ ಹೇಗಿದೆ ಎಂದು ವಿಚಾರಿಸಿದರು. ಹುಡುಗಿ ನೀರಿನ ತಂಬಿಗೆ ತಂದಿಟ್ಟು ನನ್ನ ಕಡೆ ಒಂದು ನೋಟ ನೋಡಿ ಹೋದಳು. ಕೃತಜ್ಞತೆ ಎಂದುಕೊಂಡೆ.

ಊಟಕ್ಕೆ ಕೂತೆವು. ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ನಾನು ತಾಟು ಸರಿಸಿದೆ.

ಪಕ್ಕದಲ್ಲಿ ಗೆಳೆಯ ಆಗಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಿದ್ದ. ನುಂಗಬೇಕೋ ಬೇಡವೋ ತಿಳಿಯದೆ ಕೆನ್ನೆಯಲ್ಲೇ ಇಟ್ಟುಕೊಂಡ.

“ಯಾಕ್ರಿ ಅಳಿಯಾರ, ಏನು ತಪ್ಪಾತು?” ಮಾವನವರ ದನಿ ನಡುಗಿತು. ಆ ದನಿ ನಡುಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿ ಖುಷಿಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಹುಡುಗಿಯನ್ನು ನಾಗಾವಿಗೆ ಕಳಿಸುವ ಮಾತು ಇತ್ಯರ್ಥವಾಗುವವರೆಗೆ ಉಣ್ಣುವುದಿಲ್ಲ ಎಂದೆ. “ನಿಮ್ಮ ಒಬ್ಬರ ಮಾತಲ್ರಿ ಮಾವಾರ. ಮನ್ಯಾಗಿನ ಎಲ್ಲಾರ ಮನಸಿನ್ಯಾಗ ಏನೈತಿ ಕೇಳಬೇಕು. ಮತದಾನ ಆಗಲಿ.” ಕೈ ಎತ್ತಿ ಎಂದರೆ ಯಾರೂ ಎತ್ತಲಿಲ್ಲ, ಎಲ್ಲರೂ ನೆಲ ನೋಡುತ್ತ ನಿಂತರು. ಹಾಗಾದರೆ ಗುಪ್ತ ಮತದಾನವೇ ಸರಿ. ಒಂದು ಬುಟ್ಟಿಯಲ್ಲಿ ಶೇಂಗಾ, ಒಂದರಲ್ಲಿ ಕಡಲೆ ತರಿಸಿದೆ. ಕಳಿಸುವುದಾದರೆ ಶೇಂಗಾ, ಬೇಡವಾದರೆ ಕಡಲೆ. ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು ಚರಗಿಯಲ್ಲಿ ಹಾಕಬೇಕು. ಚರಗಿಗೆ ಒಂದು ಪಂಜೆ ಹೊದಿಸಿದೆ. ಗೆಳೆಯ ತುತ್ತು ನುಂಗಿ ಚುನಾವಣಾಧಿಕಾರಿಯಾಗಿ ನಿಂತ. ನನ್ನ ಹೆಂಡತಿ ಮಾತ್ರ ಬರಲಿಲ್ಲ. “ನಾ ಈ ಊರಿನ ಮತದಾರಳಲ್ಲ” ಎಂದು ಅಡುಗೆಮನೆಗೆ ಹೋದಳು.

ಚರಗಿ ಬೋರಲು ಹಾಕಿದರೆ ಎಲ್ಲ ಶೇಂಗಾ! ಒಂದೇ ಒಂದು ಕಡಲೆ ಇಲ್ಲ. ಮಾವನವರೂ ಶೇಂಗಾವನ್ನೇ ಹಾಕಿದ್ದರು. ಕಡಲೆ ಬಿದ್ದರೆ ಅಳಿಯ ಉಣ್ಣುವುದಿಲ್ಲ ಎಂದಾಗ ಯಾವ ಮನೆಯಲ್ಲಿ ಯಾರು ಕಡಲೆ ಹಾಕುತ್ತಾರೆ? ಸೈನಿಕರು ಬಾಗಿಲಲ್ಲಿ ನಿಂತಿರುವಾಗ ನಡೆಯುವ ಚುನಾವಣೆಗಳ ಬಗ್ಗೆ ನಾನು ಎಷ್ಟು ಸಲ ವ್ಯಂಗ್ಯವಾಡಿ ಸಭೆಯನ್ನು ನಗಿಸಿಲ್ಲ! ಆ ಹೊತ್ತಿಗೆ ಮಾತ್ರ ನನ್ನ ಕಣ್ಣು ತುಂಬಿ ಬಂದವು. “ಅವಿರೋಧ!” ಎಂದು ಘೋಷಿಸಿದೆ.

“ಆತ್ರಿ ಅಳಿಯಾರ. ಆತು” ಎಂದರು ಮಾವನವರು. “ಇನ್ನ ಉಣ್ರಿ.”

ಉಂಡೆ. ಹೊಟ್ಟೆ ಬಿರಿಯ ಉಂಡೆ. ಹುಡುಗಿ ಬಡಿಸಲು ಬಂದಾಗ ತುಪ್ಪ ತಾಟಿನ ಹೊರಗೆ ಬಿತ್ತು. ಸಂತೋಷಕ್ಕೆ ಎಂದು ಅದನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡೆ. ಹೊಳ್ಳಿ ಬರುವಾಗ ಗೆಳೆಯ ತೊಡೆ ತಟ್ಟಿ ನಗುತ್ತಿದ್ದ. “ಶಾಬಾಸ್ ಮಾಸ್ತರ! ಮುಂಡರಗಿ ಅಜ್ಜಗ ಜವಾಬು ಕೊಟ್ಟ ಬಂದ್ರಿ!” ಅಷ್ಟು ಹೋಳಿಗೆ ತಿಂದಿದ್ದರೂ ಶಿರಹಟ್ಟಿಯಲ್ಲಿ ನಿಲ್ಲಿಸಿ ವಿಜಯಕ್ಕೆಂದು ಮಿರ್ಚಿ ಭಜಿ ತಿಂದೆವು. ಹೆಂಡತಿ ಕಾರಿನಿಂದ ಇಳಿಯಲಿಲ್ಲ.

ಆಮೇಲೆ ನಾನು ಬೆಳ್ಳಟ್ಟಿಯ ಕಡೆ ಒಂದು ಫೋನೂ ಮಾಡಲಿಲ್ಲ. ಸ್ವಾತಂತ್ರ್ಯ ಕೊಟ್ಟು ಬಂದವನು ಪದೇ ಪದೇ ವಿಚಾರಿಸಿದರೆ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಪ್ರವೇಶದ ದಿನಗಳು ಬಂದವು, ಮುಗಿದೂ ಹೋದವು. ಒಂದು ಮುಂಜಾನೆ ನಾನು ಪತ್ರಿಕೆ ಓದುತ್ತಿದ್ದಾಗ ಹೆಂಡತಿ ಎದುರಿಗೆ ಬಂದು ನಿಂತಳು.

“ಅಣ್ಣ ಫೋನ್ ಮಾಡಿದ್ದ. ಆಕೀನ್ನ ಕಳಸಲಿಲ್ಲಂತ.”

“ಅಂದ್ರ? ಆತು ಅಂದಿದ್ರಲ್ಲ ನಿಮ್ಮಪ್ಪ?”

“ಆತು ಅಂದಿದ್ರು. ಆತು ಅಂದ್ರ ನಿಮ್ಮದು ಆತು, ಸಾಕು, ಉಂಡು ಹೊಂಡ್ರಿ ಅಂತ. ಹುಟ್ಟಿದಾಗಿಂದ ಈ ಮಾತು ಕೇಳಕೋಂತ ಬಂದೀರಿ. ಯಾವ ಸೀಮಿಂದ ಬಂದೀರಿ ನೀವು?”

ಬಸ್ಸಿನಲ್ಲಿ ಜಗಳ ಹತ್ತಿದಾಗ ‘ಆತು ಬಿಡಪಾ’ ಎಂದರೆ ನೀನು ಗೆದ್ದೆ ಎಂದೇ? ಸಾಲ ಕೇಳಲು ಬಂದವನಿಗೆ ‘ಆತು, ನೋಡೂಣು’ ಎಂದು ನಾನೇ ಎಷ್ಟು ಜನರನ್ನು ಬಾಗಿಲಿನಿಂದ ಸಾಗಹಾಕಿಲ್ಲ! ಇಲ್ಲೇ ಹುಟ್ಟಿ, ಇಲ್ಲಿಯ ರೊಟ್ಟಿ ತಿಂದು ಬೆಳೆದವನು, ನನ್ನದೇ ಮಾತು ನನಗೆ ತಿಳಿಯದೆ ಹೋಯಿತು. ವಿಜಯದ ಮದ ಏರಿದವನಿಗೆ ದುಭಾಷಿಯೂ ಬೇಕಾಗುತ್ತಾನೆ.

ಹುಡುಗಿಗೆ ಫೋನು ಮಾಡಿದೆ. ಸಮಾಧಾನ ಹೇಳಲು ಮಾಡಿದ್ದೆ. ಅವಳು ಅಳಲಿಲ್ಲ.

“ನೀ ಅವತ್ತ ಅಳಾಕತ್ತಿದ್ದೆಲ್ಲವಾ” ಎಂದೆ.

“ನೆಗಡಿ ಆಗಿತ್ರಿ ಮಾಮಾ.”

ಆಮೇಲೆ ಅವಳೇ ಹೇಳಿದಳು, ಒಂದೊಂದಾಗಿ, ದನಿ ಏರಿಸದೆ. ಚಳಿಗಾಲದಿಂದ ದಿನಾ ಮುಂಜಾನೆ ಅಜ್ಜನಿಗೆ ಪೇಪರು ಓದಿ ಹೇಳುತ್ತಿದ್ದಳಂತೆ. ಓದುತ್ತ ಓದುತ್ತ ಓದಿದ ಹುಡುಗಿಯರ ಸುದ್ದಿ ಬಂದರೆ ಅಲ್ಲಿ ಸಾವಕಾಶ ಓದುತ್ತಿದ್ದಳಂತೆ. ಅಜ್ಜನ ಕಣ್ಣು ತೋರಿಸಲು ಗದಗಿಗೆ ಬಂದಾಗ ಹಾಗೇ ನಾಗಾವಿಗೆ ಕರೆದುಕೊಂಡು ಹೋಗಿದ್ದಳಂತೆ. “ಅಜ್ಜ ಅಲ್ಲೇ ಚಾ ಕುಡದ್ರಿ. ಒಂದು ಹುಡುಗೀನ್ನ ಯಾವೂರವಾ ನಿಂದು ಅಂತ ಕೇಳಿದ. ಹಳ್ಳಿ ಮಂದೀದ ಓದು ಐತಲೇ ಇಲ್ಲಿ ಅಂದ. ಮೊದಲ ಬ್ಯಾಡ ಅಂತಿದ್ದಾಂವ ನೋಡೂಣು ಅನ್ನಾಕ ಆರು ತಿಂಗಳಾತ್ರಿ. ಹಾಸ್ಟೆಲ್ ಬ್ಯಾರೆ ಐತೇನು ಕೇಳು ಅಂತ ಅಜ್ಜನೇ ಅಂದಿದ್ದ. ಅಸುಂಡಿಯವ್ರಿಗೆ ಎರಡ ವರ್ಷ ತಡೀರಿ ಅನ್ನಾಂವ ಇದ್ದ.”

“ಮತ್ತ ಈಗ?”

“ಈಗ ಕಳಿಸಿದ್ರ ಅಳಿಯ ಹೇಳಿದ್ದಕ್ಕ ಕಳಿಸಿದ ಅಂತಾರಲ್ರಿ ಊರಾಗ. ಶೇಂಗಾ ಕಡಲಿ ಹಾಕಿದ ಕಥಿ ಎಲ್ಲಾರಿಗೂ ಗೊತ್ತಾಗೈತಿ. ನೀನೇ ಫೋನ್ ಮಾಡಿ ಕರಸೀದಿ ಅಂತ ಅಜ್ಜ ನನ್ನ ಕೂಡ ಮಾತು ಬಿಟ್ಟಾನ. ಪೇಪರ್ ಓದಾಕೂ ಕರೆಯೂದಿಲ್ಲ.” ಕೊನೆಗೆ, “ನಾ ಒಬ್ಬಾಕಿ ಕಡಲಿ ಹಾಕಬೇಕಂತ ಮಾಡಿದ್ದೆ ಮಾಮಾ. ಧೈರ್ಯ ಆಗಲಿಲ್ಲ” ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾಟು ಸರಿಸಿದ್ದು ನಾನು, ಬರೆ ಬಿದ್ದದ್ದು ಆ ಹುಡುಗಿಗೆ. ಫೋನು ಇಟ್ಟ ಮೇಲೆ ನನಗೆ ನೆನಪಾದದ್ದು, ಇಟ್ಟುಕೊಳ್ಳಲು ಜಾಗವಿಲ್ಲದಷ್ಟು ನಾಚಿಕೆಯಿಂದ ನೆನಪಾದದ್ದು, ನನ್ನದೇ ಭಾಷಣದ ಆ ಚಪ್ಪಾಳೆಯ ಜಾಗ. ಒಳಗೇ ಇದ್ದುಕೊಂಡು ಬಾಗಿಲು ತೆರೆಯುತ್ತಿದ್ದವರಿಗೆ ಪೆಟ್ಟು ಮೊದಲು ಬೀಳುತ್ತದೆ ಎಂದು ಊರೂರಿಗೆ ಹೇಳಿಕೊಂಡು ತಿರುಗಿದವನು, ಆ ಮಾತಿನ ಅರ್ಥ ಗೊತ್ತಿಲ್ಲದೆಯೇ ಇಷ್ಟು ವರ್ಷ ನೀರು ಕುಡಿದಿದ್ದೆ. ಅವಳ ಒಂದು ವರ್ಷ ಹೋಯಿತು. ಅಸುಂಡಿಯವರು ಅವಸರ ಮಾಡಿದರೆ ಎಲ್ಲ ವರ್ಷಗಳೂ ಹೋದಂತೆಯೇ. ಎರಡು ದಿನ ನನಗೆ ಊಟ ಸೇರಲಿಲ್ಲ. ಈ ಸಲ ತಾಟು ಸರಿಸಿದ್ದು ಯಾರಿಗೂ ಸುದ್ದಿಯಾಗಲಿಲ್ಲ, ಉಳಿದದ್ದನ್ನು ಹೆಂಡತಿ ನಾಯಿಗೆ ಹಾಕಿದಳು.

ಬೆಟಗೇರಿಯ ಗೆಳೆಯನಿಗೆ ಹೇಳಿದರೆ ಅವನು ತಕ್ಷಣ ಮೈತ್ರಿ ಮುರಿದುಕೊಂಡ. “ನಾ ಕೇಳಿದ್ದು ಬರೇ ಪ್ರಶ್ನಿ ಮಾಸ್ತರ. ಸಲಹಾ ಎಲ್ಲಿ ಕೊಟ್ಟಿದ್ದೆ?”

ನನಗೆ ಹೊಳೆದ ಪರಿಹಾರ ಏನೆಂದರೆ, ಮತ್ತೊಮ್ಮೆ ಬೆಳ್ಳಟ್ಟಿಗೆ ಹೋಗಿ ಎಲ್ಲ ಸರಿಮಾಡುವುದು! ಮಾವನವರಿಗೆ ಎಲ್ಲವನ್ನೂ ಬಿಡಿಸಿ ಹೇಳುವುದು, ಬೇಕಾದರೆ ಊರ ಹಿರಿಯರನ್ನೂ ಕೂಡಿಸುವುದು. ಹೆಂಡತಿ ಕಾರಿನ ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಳು. ಪಂಚಮಿಗೆ ತವರಿನಿಂದ ಕರೆ ಬಂದಾಗ ಒಂದು ಕರಾರಿನ ಮೇಲೆ ನನ್ನನ್ನು ಕರೆದುಕೊಂಡು ಹೋದಳು: ಬಡಿಸಿದ್ದನ್ನೆಲ್ಲ ಉಣ್ಣಬೇಕು, ಕೇಳಿದ್ದಕ್ಕೆಲ್ಲ ಹೌದು ಅನ್ನಬೇಕು, ಮೂರನೆಯ ಮಾತು ಇಲ್ಲ.

ಮಾವನವರು ಪಡಸಾಲೆಯಲ್ಲಿ ಟೀವಿಯ ಮುಂದೆ ಕೂತಿದ್ದರು. ನನಗೆ ಬರ್ರಿ ಅಂದರು, ಕುಂಡ್ರಿ ಅಂದರು, ಆಮೇಲೆ ಟೀವಿಯನ್ನೇ ನೋಡಿದರು. ಅಲ್ಲಿ ಯಾವುದೋ ದೇಶದ ಮೇಲೆ ಯಾವುದೋ ದೇಶದ ವಿಮಾನಗಳು ಹಾರುತ್ತಿದ್ದವು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಉಂಡಿ ಕಟ್ಟುತ್ತ ಕೂತಿದ್ದಳು.

“ಇಂಥವ್ರಿಗೆ ಹಿಂಗೇ ಆಗಬೇಕು ನೋಡ್ರಿ” ಎಂದರು ಮಾವನವರು ಇದ್ದಕ್ಕಿದ್ದಂತೆ. “ಒಳಗ ಹೊಕ್ಕು ನಾಕು ಬಡದು, ತಗೋರಿ ಸ್ವಾತಂತ್ರ್ಯ ಅಂತ ಕೊಟ್ಟು ಬರಬೇಕು. ಏನಂತೀರಿ ಅಳಿಯಾರ?”

ಅಯ್ಯೋ ದೇವರೇ! ನನ್ನ ಇಡೀ ಭಾಷಣ, ಪ್ರಸ್ತಾವನೆಯಿಂದ ಹಿಡಿದು ಜರ್ಮನಿ ಜಪಾನಿನವರೆಗೆ, ಗಂಟಲಿಗೆ ನುಗ್ಗಿ ಬಂತು. ಕೈ ತಾನಾಗಿ ಮುಷ್ಟಿಯಾಯಿತು. ಕುಟ್ಟಲು ಮೇಜಿರಲಿಲ್ಲ, ಪುಣ್ಯ. ಬಾಗಿಲಲ್ಲಿ ಹುಡುಗಿಯ ಕೈ ಉಂಡಿಯ ಮೇಲೆ ನಿಂತಿತ್ತು.

“ಹೌದ್ರಿ ಮಾವಾರ” ಎಂದೆ. “ನೀವು ಹೇಳೂದು ಖರೆ ಐತಿ.”

ಮಾವನವರು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದರು. ಮುಖ ನೋಡಿದರು. “ಆರಾಮ ಇಲ್ಲೇನ್ರಿ?” ಎಂದು ಕೇಳಿದರು, ನಿಜವಾದ ಕಾಳಜಿಯಿಂದ. ಒಳಗೆ ಕೂಗಿ ನನಗೆ ಬಿಸಿನೀರು ತರಿಸಿದರು. ಸ್ವಾತಂತ್ರ್ಯದ ಇತಿಹಾಸದಲ್ಲಿ ನನ್ನ ಕಾಣಿಕೆ ಏನಾದರೂ ಇದ್ದರೆ ಅದು ಆ ಒಂದು ಗ್ಲಾಸು ಬಿಸಿನೀರು. ಅದರಿಂದ ಯಾರಿಗಾದರೂ ಏನಾದರೂ ಉಪಯೋಗವಾಯಿತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ನಂತರದ ದಿನಗಳಲ್ಲಿ ಆ ಮನೆಯಲ್ಲಿ ಏನೇನು ನಡೆಯಿತೋ ನನಗೆ ಯಾರೂ ಹೇಳಲಿಲ್ಲ. ಹೆಂಡತಿ ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತನಾಡುತ್ತಿದ್ದಳು. ಅಸುಂಡಿಯವರು ಬೇರೆ ಕಡೆ ಹೆಣ್ಣು ತಂದರು ಎಂಬ ಖಬರು ಮಾತ್ರ ಬಂತು. ಯಾರು ಮುರಿದರು, ಹೇಗೆ ಮುರಿದರು ಎಂದು ಕೇಳಿದ್ದಕ್ಕೆ, “ಋಣ ಇರಲಿಲ್ಲ” ಎಂದಷ್ಟೇ ಹೇಳಿ ಹೆಂಡತಿ ಕಸ ಗುಡಿಸಲು ಹೋದಳು.

ಈ ವರ್ಷ ಮಳೆಗಾಲ ಶುರುವಾದ ಮೇಲೆ ಒಂದು ಸೋಮವಾರ ಗದಗಿನ ಬಸ್ ನಿಲ್ದಾಣದ ಹತ್ತಿರ ಹಣ್ಣು ಕೊಳ್ಳುತ್ತಿದ್ದೆ. ಶಿರಹಟ್ಟಿಯ ಕಡೆಯ ಬಸ್ಸಿನಿಂದ ಬಿಳಿ ಟೋಪಿ, ಕಚ್ಚೆಯ ಧೋತರದ ಮುದುಕರೊಬ್ಬರು ಒಂದು ಕೈಯಲ್ಲಿ ಟ್ರಂಕು, ಒಂದು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಇಳಿದರು. ನನ್ನ ಮಾವನವರು! ಹಿಂದೆಯೇ ಹುಡುಗಿ ಹಾಸಿಗೆಯ ಸುರುಳಿ ಎತ್ತಿಕೊಂಡು ಇಳಿದಳು.

“ಹೋದ ತಿಂಗಳೇ ಹಚ್ಚೀನ್ರಿ ಈಕೀನ್ನ ನಾಗಾವಿಗೆ” ಎಂದರು ಮಾವನವರು, ನಾನು ಕೇಳುವ ಮೊದಲೇ, ಸುತ್ತಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. “ಹಾಸ್ಟೆಲ್ಲಿನ್ಯಾಗ ಅದಾಳ. ರಜಾಕ್ಕ ಬಂದಿದ್ಲು, ಉಳಿದ ಸಾಮಾನು ತಗೊಂಡು ಬಿಡಾಕ ಹೊಂಟೀನಿ. ನಾನೇ ವಿಚಾರ ಮಾಡಿ ಹಚ್ಚೀನಿ. ಯಾರೂ ಹೇಳಿಲ್ಲ ನನಗ.”

“ಭಾಳ ಚೊಲೊ ಆತ್ರಿ ಮಾವಾರ” ಎಂದೆ. ನನ್ನ ಕಣ್ಣು ಒದ್ದೆಯಾದವು, ಅದನ್ನು ಮುಚ್ಚಿಡಲು ಹಣ್ಣಿನ ಚೀಲದೊಳಗೆ ನೋಡಿದೆ. ಸಂತೋಷವೂ ಆಗಿತ್ತು, ಬೇಜಾರೂ ಆಗಿತ್ತು. ಒಂದು ತಿಂಗಳು! ನಾಗಾವಿ ನಮ್ಮ ಮನೆಯಿಂದ ಎಷ್ಟು ದೂರ? ಕಾರಿದೆ, ತನ್ನಿ ಟ್ರಂಕು, ನಾನೇ ಬಿಟ್ಟು ಬರುತ್ತೇನೆ ಎಂದೆ. ಮಾವನವರು ಟ್ರಂಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಬ್ಯಾಡ್ರಿ, ಬಸ್ ಬರ್ತೈತಿ ಎಂದರು. ಎಂದು ಬಸ್ಸಿನ ಹೊತ್ತು ವಿಚಾರಿಸಲು ಕಿಟಕಿಯ ಕಡೆ ಹೋದರು.

ನಾವಿಬ್ಬರೇ ಉಳಿದೆವು. ಹುಡುಗಿ ಮೊದಲಿಗಿಂತ ಸ್ವಲ್ಪ ಸೊರಗಿದ್ದಳು, ಆದರೆ ಕಣ್ಣು ಹೊಳೆಯುತ್ತಿದ್ದವು.

“ತಿಂಗಳಾತು ಅಂತಾರ ಅಜ್ಜ. ನಮ್ಮ ಮನಿ ಇಲ್ಲೇ ಐತಿ. ನನಗೊಂದು ಮಾತು ಯಾಕ ಹೇಳಲಿಲ್ಲವಾ?”

ಅವಳು ಅಜ್ಜ ಹೋದ ಕಡೆ ಒಮ್ಮೆ ನೋಡಿದಳು. ನಕ್ಕಳು. ಆ ನಗೆಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

“ಹೇಳಿದ್ರ ನೀವು ಸಹಾಯ ಮಾಡಾಕ ಬರ್ತಿದ್ರಿ, ಮಾಮಾ.”